ಮಿಯಾಪುರದ ಕೆರೆಯ ನಡುಗಡ್ಡೆಯಲ್ಲಿ ನಮ್ಮ ಭಾನುವಾರಗಳು

ಗಿಡ ನೆಡಲು ಹೋದ ಮನುಷ್ಯ ಸುಮ್ಮನೆ ಗಿಡ ನೆಟ್ಟು, ಕೈ ತೊಳಕೊಂಡು, ಮನೆಗೆ ಬಂದ ಅನ್ನುವಂಥದ್ದು ನನ್ನ ಮಟ್ಟಿಗೆ ಒಂದು ಭಾನುವಾರವೂ ಆಗಲಿಲ್ಲ. ಏನಾದರೊಂದು ಆಗಿಯೇ ತೀರುತ್ತಿತ್ತು. ಮೂರು ವರ್ಷ ಹೋದೆ. ಮೂರು ವರ್ಷವೂ ಸೋಮವಾರ ಬೆಳಿಗ್ಗೆ ನನ್ನ ಟೇಬಲ್ಲಿನ ಸುತ್ತ "ನಿನ್ನೆ ಏನಾತು, ಹೇಳ್ರಿ" ಎನ್ನುವವರ ಒಂದು ಸಣ್ಣ ಗುಂಪು ಸೇರುತ್ತಿತ್ತು.

ನಾನು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಪ್ಪನ ಕಾಲಕ್ಕೇ ಗುಲ್ಬರ್ಗಾ ಬಿಟ್ಟು ಹೈದರಾಬಾದಿಗೆ ಬಂದ ಮನೆತನ ನಮ್ಮದು. ನಾನು ಹೇಳುವ ಕಾಲಕ್ಕೆ ಊರಿನಲ್ಲಿ ಸಾಫ್ಟ್‌ವೇರಿನ ಸುಗ್ಗಿ. ಬೆಳಿಗ್ಗೆ ಬಸ್ಸಿನಿಂದ ನೋಡಿದ ಬಂಡೆ ಸಂಜೆ ವಾಪಸ್ ಬರುವಾಗ ಇರುತ್ತಿರಲಿಲ್ಲ. ಅದರ ಜಾಗದಲ್ಲಿ "ಲೇಕ್ ವ್ಯೂ ಅಪಾರ್ಟ್‌ಮೆಂಟ್ಸ್" ಅಂತ ಬೋರ್ಡು ನಿಂತಿರುತ್ತಿತ್ತು. ಲೇಕು ಎಲ್ಲಿದೆ ಎಂದು ಹುಡುಕಿದರೆ ಬೋರ್ಡಿನ ಕೆಳಗೇ ಮುಚ್ಚಿಹೋಗಿರುತ್ತಿತ್ತು. ಅಂಥ ಕಾಲದಲ್ಲಿ ಮಿಯಾಪುರದ ಆಚೆ ಒಂದು ಕೆರೆ, ಆ ಕೆರೆಯ ನಡುವೆ ನಾಲ್ಕೈದು ಎಕರೆಯ ಒಂದು ನಡುಗಡ್ಡೆ, ಹೇಗೋ ಯಾರ ಕಣ್ಣಿಗೂ ಬೀಳದೆ ಉಳಿದುಕೊಂಡಿತ್ತು.

ಸೂಟ್‌ಕೇಸು

ನಮ್ಮ ಕಚೇರಿಯಲ್ಲಿ ರಜಾ ಪ್ರವಾಸದ ಫೈಲು ನೋಡುವವರು ಒಬ್ಬರಿದ್ದರು, ಬೀದರ್ ಕಡೆಯವರು. ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, "ಈ ಭಾನುವಾರ ದ್ವೀಪಕ್ಕ ಹೊಂಟೀವಿ, ಬರ್ತೀರೇನ್ರಿ? ಮನಿಯವರನ್ನೂ ಕರ್ಕೊಂಡ ಬರ್ರಿ. ನೀರು, ದೋಣಿ, ಪ್ರಾಣಿ, ಪಕ್ಷಿ ಎಲ್ಲಾ ಐತಿ. ಬೆಳಿಗ್ಗೆ ಆರಕ್ಕ ಮಿಯಾಪುರ ಬಸ್ ಸ್ಟಾಪಿನ್ಯಾಗ ನಿಂದರ್ರಿ" ಎಂದರು.

ಪ್ರವಾಸದ ಫೈಲು ನೋಡುವವರ ಬಾಯಲ್ಲಿ ದ್ವೀಪ ಅಂತ ಬಂದರೆ ಗುಮಾಸ್ತನಿಗೆ ಹೊಳೆಯುವುದು ಒಂದೇ, ಅಂಡಮಾನ್. ಹೆಚ್ಚು ಕೇಳಿದರೆ ಎಲ್ಲಿ ಹೆಸರು ತೆಗೆದುಬಿಡುತ್ತಾರೋ ಎಂದು ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಆ ನಾಲ್ಕು ದಿನ ನನ್ನ ಹೆಂಡತಿ ನಿದ್ದೆ ಮಾಡಲಿಲ್ಲ. ಸೂಟ್‌ಕೇಸಿನಲ್ಲಿ ಎರಡು ರೇಷ್ಮೆ ಸೀರೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಹಡಗಿನಲ್ಲಿ ವಾಂತಿಯಾದರೆ ಬೇಕೆಂದು ಗುಳಿಗೆ ಎಲ್ಲ ಸೇರಿದವು. ಮೂರೂ ಅಂತಸ್ತಿನ ಮನೆಗಳಿಗೆ ಹೋಗಿ ಅಂಡಮಾನಿಗೆ ಹೊರಟೆವೆಂದು ಹೇಳಿ, ನಾವಿಲ್ಲದಾಗ ತುಳಸಿಗೆ ನೀರು ಹಾಕುವ ವ್ಯವಸ್ಥೆಯೂ ಆಯಿತು.

ಭಾನುವಾರ ಆರು ಗಂಟೆಗೆ ಬಸ್ ಸ್ಟಾಪಿನಲ್ಲಿ ನಿಂತೆವು. ಬೀದರಿನವರು ಹರಕು ಅಂಗಿ ಹಾಕಿಕೊಂಡು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದರು. ನಮ್ಮ ಸೂಟ್‌ಕೇಸನ್ನೊಮ್ಮೆ ನೋಡಿ ಒಂದು ಆಟೋ ಹಿಡಿದರು. ಆಟೋ ಹತ್ತು ನಿಮಿಷ ಹೋಗಿ ಒಂದು ಕೆರೆಯ ದಂಡೆಗೆ ನಿಂತಿತು.

"ದ್ವೀಪ ಎಲ್ಲೈತ್ರಿ?" ಎಂದಳು ನನ್ನ ಹೆಂಡತಿ.

ಅವರು ಗುದ್ದಲಿಯಿಂದಲೇ ತೋರಿಸಿದರು. ನೀರಿನ ನಡುವೆ ಬಳ್ಳಾರಿ ಜಾಲಿಯ ಮುಳ್ಳುಕಂಟಿ ತುಂಬಿದ ಒಂದು ದಿಬ್ಬ.

"ಇದಾ? ಇದನ್ನ ನಾ ದಿನಾ ಅರಬಿ ಒಣಹಾಕೋ ಮುಂದ ಗಚ್ಚಿ ಮ್ಯಾಲಿಂದ ನೋಡ್ತೀನಲ್ರಿ!"

ನಾನು ಭೂಮಿ ಬಾಯಿ ಬಿಡಲಿ ಎಂದು ನಿಂತಿದ್ದೆ. ಆದರೆ ಬಂದದ್ದಾಗಿತ್ತು. ಹರಿಗೋಲಿನಲ್ಲಿ ಕೂತೆವು, ಸೂಟ್‌ಕೇಸು ಅವಳ ತೊಡೆಯ ಮೇಲೆ. ಅಂಬಿಗ ಮುದುಕ, ಅವನನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ಹುಟ್ಟು ಹಾಕಿದಂತೆಲ್ಲ ಊರಿನ ಗದ್ದಲ ಹಿಂದೆ ಸರಿಯಿತು. ಲಾರಿಯ ಹಾರ್ನು ಇಲ್ಲ, ಕಲ್ಲು ಒಡೆಯುವ ಸದ್ದಿಲ್ಲ. ನಟ್ಟನಡುವೆ ಬಂದಾಗ ಎದುರಿನ ಜೊಂಡಿನಿಂದ ನೂರಾರು ಬಾತುಕೋಳಿಗಳು ಒಂದೇ ಸಲ ಮೇಲೆದ್ದವು. ಆಕಾಶದಲ್ಲಿ ಯಾರೋ ಒಂದು ದೊಡ್ಡ ಜಮಖಾನ ಕೊಡವಿದಂತೆ ಸದ್ದು. ಅವುಗಳ ರೆಕ್ಕೆಯ ಗಾಳಿ ನಮ್ಮ ಮುಖಕ್ಕೆ ತಗುಲಿತು. ನನ್ನ ಹೆಂಡತಿ ಬಾಯಿ ತೆರೆದವಳು ಮುಚ್ಚಲಿಲ್ಲ. ಹತ್ತು ವರ್ಷದಿಂದ ನಮ್ಮ ಮನೆಯ ಮಾಳಿಗೆಯ ಮೇಲೆ ಅರಿವೆ ಒಣಹಾಕುತ್ತ ನೋಡಿದ ದಿಬ್ಬದಲ್ಲಿ ಇಷ್ಟೆಲ್ಲ ಇತ್ತೇ ಎಂದು ಅವಳ ಮುಖವೇ ಕೇಳುತ್ತಿತ್ತು.

ಮಧ್ಯಾಹ್ನ ಹೋಳಿಗೆ, ರೊಟ್ಟಿ ಹದಿನೈದು ಜನರಿಗೆ ಹಂಚಿಹೋದವು. ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯವರು ಬೆರಗಾಗಿ, "ಅಂಡಮಾನ್‌ದಿಂದ ಇವತ್ತ ವಾಪಸ್ ಬಂದ್ರಿ?" ಎಂದು ಕೇಳಿದರು.

ನನ್ನ ಹೆಂಡತಿ ಸೂಟ್‌ಕೇಸು ಕೈ ಬದಲಿಸಿ, "ನಾವು ತಿಳ್ಕೊಂಡಷ್ಟು ದೂರ ಇಲ್ರಿ ಅದು" ಎಂದಳು.

ಕೆಂಪು ರಿಬ್ಬನ್

ಈ ಕೆಲಸಕ್ಕೆಲ್ಲ ಮುಂದಾಳು ಒಬ್ಬ ಮೇಡಂ. ಧಾರವಾಡದವರು, ಮೂವತ್ತು ವರ್ಷ ಹೈದರಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಬಳ್ಳಾರಿ ಜಾಲಿ ಹೊರಗಿನಿಂದ ಬಂದ ಗಿಡ, ಅದು ಇದ್ದಲ್ಲಿ ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ, ಅದನ್ನು ತೆಗೆದು ಮೊದಲು ಇಲ್ಲಿದ್ದ ಬನ್ನಿ, ಮುತ್ತಲ, ಬೋರೆ, ಬೇವು ತರಬೇಕು, ಆಗ ಹಕ್ಕಿ ಹುಳ ಎಲ್ಲ ತಾವಾಗಿಯೇ ಬರುತ್ತವೆ ಎಂದು ಅವರ ಹಠ.

ಅವರ ಬಲಗೈ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಗಂಡನ ಜೊತೆ ಮಣಿಕೊಂಡದಲ್ಲಿ ಕಟ್ಟಡದ ಕೆಲಸ. ಮೊದಲ ಸಲ ಮೇಡಂ ಕಂಟಿ ಕಡಿಯಲು ಕೂಲಿಗೆ ಕರೆತಂದಿದ್ದರು. ಆಮೇಲೆ ಕರೆಯದಿದ್ದರೂ ಬರತೊಡಗಿದಳು. ಯಾಕೆ ಎಂದು ಕೇಳಿದರೆ, "ವಾರಪೂರ್ತಿ ಸಿಮಿಟು ಹೊತ್ತು ಸಾಕಾಗ್ತೈತ್ರಿ ಅಣ್ಣಾರ. ಒಂದಿನಾರ ಮಣ್ಣ ಮುಟ್ಟಬೇಕನಿಸ್ತೈತಿ" ಎಂದಳು. ನಾವೆಲ್ಲ ಅವಳಿಗೆ ಅಕ್ಕ ಎನ್ನುತ್ತಿದ್ದೆವು.

ಒಂದು ಭಾನುವಾರ ಸಾಫ್ಟ್‌ವೇರ್ ಕಂಪನಿಯೊಂದರಿಂದ ಇಪ್ಪತ್ತು ಹುಡುಗ ಹುಡುಗಿಯರು ಹಳದಿ ಟೀಶರ್ಟು ಹಾಕಿಕೊಂಡು ಬಂದರು. ಬಹಳ ಉತ್ಸಾಹ. ಹಿಂದಿನ ಮಳೆಗಾಲದಲ್ಲಿ ನಾವು ನೆಟ್ಟ ಬನ್ನಿ ಸಸಿಗಳು ಕಂಟಿಯ ನಡುವೆ ಕಾಣಲಿ ಎಂದು ಪ್ರತಿಯೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿದ್ದೆವು. ಮೇಡಂ ಒಂದು ಬಂಡೆಯ ಮೇಲೆ ನಿಂತು ವಿವರವಾಗಿ ಭಾಷಣ ಮಾಡಿ, "ಕೆಂಪು ರಿಬ್ಬನ್ ಇರೋದು ಮುಖ್ಯ, ಅದನ್ನ ನೋಡ್ಕೊಂಡು ಕೆಲಸ ಮಾಡಿ" ಎಂದರು.

ಎರಡು ಗಂಟೆಯ ಮೇಲೆ ಅವರ ತಂಡದ ನಾಯಕ ಬೆವರು ಒರೆಸಿಕೊಳ್ಳುತ್ತ ಬಂದ. "ಮೇಡಂ, ಪಶ್ಚಿಮದ ಬದಿ ಪೂರ್ತಿ ಕ್ಲಿಯರ್. ಒಂದೂ ಕೆಂಪು ಉಳಿದಿಲ್ಲ."

ಹೋಗಿ ನೋಡಿದೆವು. ಬಳ್ಳಾರಿ ಜಾಲಿ ಒಂದು ಎಲೆಯೂ ಅಲುಗದೆ ಹಾಗೇ ನಿಂತಿತ್ತು. ನಮ್ಮ ಬನ್ನಿ ಸಸಿಗಳೆಲ್ಲ ರಿಬ್ಬನ್ ಸಮೇತ ಒಂದು ಕಡೆ ಒಪ್ಪವಾಗಿ ಗುಡ್ಡೆ ಬಿದ್ದಿದ್ದವು.

"ನಮ್ಮಲ್ಲಿ ಕೆಂಪು ಅಂದ್ರೆ ತೆಗೀಬೇಕಾದ್ದು ಅಂತ ಮೇಡಂ" ಎಂದ ಅವನು, ಮುಖ ಸಣ್ಣದಾಗಿ.

ಮೇಡಂ ಅದೇ ಬಂಡೆಯ ಮೇಲೆ ಕೂತುಬಿಟ್ಟರು. ಅಕ್ಕ ಮಾತ್ರ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿ ತಿರುಗಿಸಿ ನೋಡಿದಳು. ಆಮೇಲೆ ಕಿತ್ತ ಕುಣಿಗಳಲ್ಲಿ ಕೈ ಹಾಕಿ ನೋಡಿದಳು.

"ಮೇಡಮ್ಮಾರ, ಇವ್ರು ಜಗ್ಗ್ಯಾರ, ಬರೇ ತೆಲಿ ಹರಕೊಂಡು ಬಂದಾದ. ಬೇರು ಒಳಗ ಕುಂತೈತಿ. ಬನ್ನಿ ಹಂಗೆಲ್ಲ ಯಾರು ಕರದ್ರೂ ಎದ್ದ ಬರಾಂಗಿಲ್ಲ."

ಎಲ್ಲ ಕುಣಿಗೂ ಮಣ್ಣು ಮುಚ್ಚಿ, ಹಸಿ ಗೋಣಿ ಹೊದಿಸಿ, ಆ ಇಪ್ಪತ್ತೂ ಮಂದಿಯ ಕೈಯಲ್ಲಿ ಕೆರೆಯಿಂದ ಕೊಡಗಟ್ಟಲೆ ನೀರು ಹೊರಿಸಿದಳು. ಮಳೆಗಾಲ ಶುರುವಾಗಿ ಎರಡನೇ ವಾರ ಹೋದಾಗ ಪಶ್ಚಿಮದ ಬದಿಯಲ್ಲಿ ಸಾಲಾಗಿ ಕೆಂಪು ಮಿಶ್ರಿತ ಹಸಿರು ಚಿಗುರು. ಒಂದು ಕಡೆ ಒಂದಿದ್ದದ್ದು ಮೂರಾಗಿ ಎದ್ದಿತ್ತು. ನಾನು ಮಳೆಯಲ್ಲೇ ನೆನೆಯುತ್ತ ನೋಡುತ್ತ ನಿಂತೆ. ತಲೆ ಹೋದ ಮೇಲೂ ಇಷ್ಟು ದಿನ ಕತ್ತಲೆಯಲ್ಲಿ ಅದು ಏನು ಮಾಡುತ್ತಿತ್ತು, ಯಾರಿಗೆ ಗೊತ್ತು.

ತಂಡದ ನಾಯಕನೂ ಬಂದಿದ್ದ. ಬಗ್ಗಿ ಒಂದು ಚಿಗುರನ್ನು ಬೆರಳ ತುದಿಯಿಂದ ಮುಟ್ಟಿ, ದೇವಸ್ಥಾನದಲ್ಲಿ ಮಾತಾಡುವ ಹಾಗೆ ಪಿಸುಗುಟ್ಟಿದ: "ಮೇಡಂ, ಇವು ತಾವಾಗೇ ರೀಸ್ಟಾರ್ಟ್ ಆದ್ವಾ?"

ನಾಕೆಲಿ ಪಲ್ಲೆ

ಜಾಲಿ ತೆಗೆದ ಕಡೆ ಬಿಸಿಲು ಬಿದ್ದು, ನೀರಿನ ಅಂಚಿನಲ್ಲಿ ನಾವು ನೆಡದೇ ಇದ್ದ ಗಿಡಗಳೆಲ್ಲ ತಲೆ ಎತ್ತತೊಡಗಿದವು. ಒಂದು ಬೆಳಿಗ್ಗೆ ಮೇಡಂ ಕೂಗಿದ ಕೂಗಿಗೆ, ಹಾವು ಕಡಿಯಿತೆಂದು ನಾವೆಲ್ಲ ಓಡಿಹೋದೆವು. ಅವರು ಕೆಸರಿನಲ್ಲಿ ಮಂಡಿಯೂರಿ, ಸೀರೆಯ ಪರಿವೆಯೇ ಇಲ್ಲದೆ ಒಂದು ಸಣ್ಣ ಸೊಪ್ಪನ್ನು ನೋಡುತ್ತಿದ್ದರು. ಒಂದು ಕಡ್ಡಿಗೆ ನಾಲ್ಕೇ ಎಲೆ, ಹೂವಿನ ಪಕಳೆಯಂತೆ.

"ಇದು ಈ ಕೆರೆಯಿಂದ ಹೋಗೇಬಿಟ್ಟಿತ್ತು. ನಾನು ಇಪ್ಪತ್ತು ವರ್ಷದ ಹಿಂದ ವಿದ್ಯಾರ್ಥಿಗಳನ್ನ ಕರ್ಕೊಂಡು ಬಂದಾಗ ನೋಡಿದ್ದು. ಕೆಸರಿನ್ಯಾಗ ಬೀಜಕಣ ಇಷ್ಟು ವರ್ಷ ಕಾದು ಕುಂತಾವ ನೋಡ್ರಿ!" ಅವರ ಕಣ್ಣಲ್ಲಿ ನೀರಿತ್ತು. ಉದ್ದನೆಯ ಲ್ಯಾಟಿನ್ ಹೆಸರೊಂದನ್ನು ಎರಡು ಸಲ ಹೇಳಿದರು. ಕ್ಯಾಮೆರಾ ಆಚೆ ದಂಡೆಯ ಚೀಲದಲ್ಲಿತ್ತು. "ಯಾರೂ ತುಳಿಬ್ಯಾಡ್ರಿ, ತಗೊಂಡ ಬರ್ತೀನಿ" ಎಂದು ಹರಿಗೋಲು ಹತ್ತಿದರು.

ನಾವು ಸುತ್ತ ನಾಲ್ಕು ಕಲ್ಲಿಟ್ಟು, ಕಾವಲು ಬೇಕಿಲ್ಲ ಎಂದುಕೊಂಡು ಕೆಲಸಕ್ಕೆ ಹೋದೆವು. ಮೇಡಂ ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ನಾಲ್ಕು ಕಲ್ಲು ಮಾತ್ರ ಇದ್ದವು.

ಎಲ್ಲಿ ಹೋಯಿತು ಎಂದು ಹುಡುಕುತ್ತ ಹೋದಾಗ ಮೂರು ಕಲ್ಲಿನ ಒಲೆಯ ಮುಂದೆ, ಕಟ್ಟಿಗೆ ತರಲು ಹೋಗಿ ಮೇಡಂ ಕೂಗಿದ್ದನ್ನೇ ಕೇಳಿರದ ಅಕ್ಕ ಕೂತಿದ್ದಳು. ಬೋಗುಣಿಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ.

"ನಾಕೆಲಿ ಪಲ್ಲೆರೀ ಮೇಡಮ್ಮಾರ! ನಮ್ಮ ಕಡಿ ಹೊಳಿ ದಂಡ್ಯಾಗ ಭಾಳ ಬೆಳೀತಿತ್ತು. ಲಗ್ನಾದ ಮ್ಯಾಲೆ ಇವತ್ತ ನೋಡೀನಿ. ಯಾರೋ ಪುಣ್ಯಾತ್ಮರು ಸುತ್ತಲ ಕಲ್ಲಿಟ್ಟು ಗುರುತು ಮಾಡಿದ್ರು."

ಮೇಡಂ ಒಂದು ಕ್ಷಣ ಬೋಗುಣಿ ನೋಡಿದರು, ಒಂದು ಕ್ಷಣ ಅಕ್ಕನ ಮುಖ ನೋಡಿದರು. ಅಲ್ಲಿದ್ದ ಸಂತೋಷವೂ ಅವರದೇ ಸಂತೋಷದಂಥದ್ದು. ಇಬ್ಬರೂ ಕಳಕೊಂಡದ್ದೊಂದನ್ನು ಒಂದೇ ಬೆಳಿಗ್ಗೆ ಕಂಡಿದ್ದರು. ಬುಡ ಬಿಟ್ಟು ಎಲೆ ಮಾತ್ರ ಚಿವುಟಿದ್ದಾಳೆಂದೂ, ಆಚೆ ಮಗ್ಗುಲಲ್ಲಿ ಇನ್ನೂ ಮಾರುದ್ದ ಬೆಳೆದಿದೆಯೆಂದೂ ಗೊತ್ತಾದ ಮೇಲೆ ಮೇಡಂ ಕೂತು, ರೊಟ್ಟಿಗೆ ಹಚ್ಚಿಕೊಂಡು ತಿಂದರು. ಎರಡನೇ ರೊಟ್ಟಿಯನ್ನೂ ತಿಂದರು.

ಸಂಜೆ ಅವರ ದಾಖಲೆ ಪುಸ್ತಕ ನಾನೇ ನೋಡಿದೆ. ಲ್ಯಾಟಿನ್ ಹೆಸರು, ಎಲೆಯ ಅಳತೆ, ಮಣ್ಣಿನ ಬಣ್ಣ ಎಲ್ಲ ಬರೆದು, ಕೊನೆಗೆ ದುಂಡಗಿನ ಅಕ್ಷರದಲ್ಲಿ: "ಮಾದರಿ ಸಂಗ್ರಹಿಸಲಾಗಿದೆ. ಸದ್ಯ ಹೊಟ್ಟೆಯಲ್ಲಿದೆ."

ಹೆಲ್ಮೆಟ್

ಬೇಸಿಗೆಯ ಹೊತ್ತಿಗೆ, ನಮ್ಮ ಗುದ್ದಲಿ ಹಾರೆ ಇಡುವ ಬಯಲಿನಲ್ಲಿ ಒಂದು ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತು. ಗೂಡಿಲ್ಲ, ಹುಲ್ಲಿಲ್ಲ, ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ. ಕಲ್ಲಿನ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಇಲ್ಲ. ನಾನು ಎರಡು ಸಲ ಅದರ ಪಕ್ಕದಲ್ಲೇ ಕೂತು ಬೀಡಿ ಸೇದಿದ್ದೆನಂತೆ.

ಮೊಟ್ಟೆ ಇದೆ ಎಂದು ಗೊತ್ತಾದದ್ದು ಹಕ್ಕಿ ನನ್ನ ತಲೆಗೆ ಎರಗಿದಾಗ. ಹಿಡಿಯಷ್ಟು ಹಕ್ಕಿ ಅದು, ಆದರೆ ಕಿರುಚುತ್ತ ಮೇಲಿನಿಂದ ನೇರವಾಗಿ ಮುಖಕ್ಕೆ ಬಂದಾಗ ಐವತ್ತು ದಾಟಿದ ಸರ್ಕಾರಿ ನೌಕರ ಬೋರಲು ಮಲಗಿದ್ದನ್ನು ಹದಿನೆಂಟು ಜನ ನೋಡಿದರು. ಬಯಲಿನ ಆ ಕಡೆಯೇ ನಮ್ಮ ಸಸಿಗಳಿದ್ದವು. ನೀರು ಹಾಕದಿದ್ದರೆ ಒಣಗುತ್ತವೆ, ಹೋದರೆ ಹಕ್ಕಿ ಬಿಡುವುದಿಲ್ಲ. ಮೇಡಂ, "ಅದರ ಮನಿಗೆ ನಾವು ನುಗ್ಗೀವಿ. ತಪ್ಪು ನಮ್ದು. ತಲಿ ಕಾಯ್ಕೊಂಡು ದೂರದಿಂದ ಸುತ್ತು ಹಾಕಿ ಹೋಗ್ರಿ" ಎಂದು ತೀರ್ಪು ಕೊಟ್ಟರು.

ಮುಂದಿನ ಭಾನುವಾರ ಹಳದಿ ಟೀಶರ್ಟಿನ ಹುಡುಗರೆಲ್ಲ ತಮ್ಮ ತಮ್ಮ ಬೈಕಿನ ಹೆಲ್ಮೆಟ್ಟು ತಂದರು. ಐದೈದು ಜನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟು ಹಾಕಿಕೊಂಡೇ ಹರಿಗೋಲಿನಲ್ಲಿ ಗಂಭೀರವಾಗಿ ಕೂತು ಕೆರೆ ದಾಟಿದರು. ಇಪ್ಪತ್ತೆಂಟು ದಿನದ ಸುಮಾರಿಗೆ ಮೊಟ್ಟೆ ಒಡೆದವು. ಅವತ್ತು ನಾವು ದೂರದಲ್ಲಿ ಸಾಲಾಗಿ ಹೆಲ್ಮೆಟ್ಟು ಹಾಕಿಕೊಂಡು ಕೂತು ನೋಡಿದೆವು. ಬೆಳಿಗ್ಗೆ ಹೊರಬಂದ ಮರಿ, ಹಸಿ ಮೈ ಒಣಗುವಷ್ಟರಲ್ಲಿ ಎದ್ದು ನಿಂತು, ತಾಯಿಯ ಹಿಂದೆ ನೀರಿನ ಕಡೆ ನಡೆದುಬಿಟ್ಟಿತು. ಹತ್ತಿಯ ಉಂಡೆಗೆ ಎರಡು ಕಡ್ಡಿ ಚುಚ್ಚಿದಂಥ ಜೀವ. ತಾಯಿ ಒಂದು ಸಲ ಕೂಗಿತು, ನಾಲ್ಕೂ ಮರಿ ಅಲ್ಲಲ್ಲೇ ಕಲ್ಲಾದವು. ಇನ್ನೊಂದು ಸಲ ಕೂಗಿತು, ಕಲ್ಲುಗಳು ಎದ್ದು ನಡೆದವು. ಹುಟ್ಟಿ ಎರಡು ಗಂಟೆಯಾಗಿರಲಿಲ್ಲ.

ಈ ಹೆಲ್ಮೆಟ್ಟಿನ ಕಾರಣ ಚಾಚಾನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ವಾರ ಅವನು ಏನೂ ಕೇಳದೆ ಹುಟ್ಟು ಹಾಕಿದ್ದ. ಕೊನೆಗೆ ಅವತ್ತು ವಾಪಸ್ ಬರುವಾಗ ತಡೆಯಲಾರದೆ, ಆಚೀಚೆ ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದ: "ಕ್ಯಾ ಸಾಬ್, ಪಾನಿ ಮೇ ಭೀ ಪೋಲೀಸಾಂ ಪಕಡ್ ರೈಂ ಕ್ಯಾ?" ನೀರಿನಲ್ಲೂ ಪೊಲೀಸರು ಹಿಡಿಯುತ್ತಾರೇನು ಎಂದು!

ಜೋರಾಗಿ ಕೂಗುವವರು

ಮಳೆಗಾಲದ ಒಂದು ಬೆಳಿಗ್ಗೆ ಹಳದಿ ಟೀಶರ್ಟಿನ ತಂಡದ ಹುಡುಗಿಯೊಬ್ಬಳಿಗೆ ಅಮೆರಿಕದ ಗಿರಾಕಿಯಿಂದ ಫೋನು ಬಂತು. ಏನೋ ತುರ್ತು. ಭಾನುವಾರವೂ ಕೆಲಸದ ಮೇಲೆ ಇದ್ದೇನೆ ಎಂದು ತೋರಿಸಲು ಅವಳು, "ಆಫೀಸಿನಲ್ಲೇ ಇದ್ದೇನೆ ಸರ್" ಎಂದುಬಿಟ್ಟಳು. ಕೈತುಂಬ ಕೆಸರು, ಮೊಬೈಲು ಹೆಗಲಿಗೂ ಕಿವಿಗೂ ನಡುವೆ.

ಆ ಹೊತ್ತಿಗೆ ಸರಿಯಾಗಿ ದಿಬ್ಬದ ಮೇಲೆ ನವಿಲು ಕೂಗಿತು. ಎಲ್ಲಿಂದಲೋ ಹಾರಿ ಬಂದು ನಮ್ಮಲ್ಲಿ ಬಿಡಾರ ಹೂಡಿದ ಎರಡು ಗಂಡು ನವಿಲು ಅವು. ಒಂದು ಕೂಗಿದರೆ ಇನ್ನೊಂದು ಬಿಡುವುದಿಲ್ಲ.

ಹುಡುಗಿಯ ಮುಖ ಬಿಳಚಿತು. ಗಿರಾಕಿ ಗಾಬರಿಯಾಗಿ, ನಿಮ್ಮ ಆಫೀಸಿನಲ್ಲಿ ಯಾರಿಗೋ ಏನೋ ಆಗಿದೆಯೇ ಎಂದು ಕೇಳಿದನಂತೆ. ಅವಳು, "ಇಲ್ಲ ಸರ್, ಸಹೋದ್ಯೋಗಿಗಳು ಚರ್ಚೆ ಮಾಡ್ತಿದ್ದಾರೆ" ಎಂದಳು. ಚರ್ಚೆ ಬಿರುಸಾಯಿತು. ಅಷ್ಟರಲ್ಲಿ ಮೋಡ ಗುಡುಗಿತು. ಗುಡುಗಿಗೆ ನವಿಲುಗಳಿಗೆ ಮೈಮೇಲೆ ಬಂದಂತಾಗಿ, ಒಂದು ಅವಳಿಂದ ಹತ್ತು ಮಾರಿನ ಅಂತರದಲ್ಲಿ ಗರಿ ಬಿಚ್ಚಿ ನಿಂತಿತು. ಸಾವಿರ ಕಣ್ಣು ಒಟ್ಟಿಗೆ ನಡುಗಿದ ಹಾಗೆ. ಮೋಡದ ಕಪ್ಪಿನಲ್ಲಿ ಆ ನೀಲಿ ಉರಿಯುತ್ತಿತ್ತು. ನಮ್ಮ ಕೈಯಲ್ಲಿನ ಕುಡುಗೋಲು ಕೈಯಲ್ಲೇ ಉಳಿಯಿತು. ಅವಳೂ ಮೊಬೈಲು ಕಿವಿಯಲ್ಲಿದೆ ಎಂಬುದನ್ನೇ ಮರೆತು ನಿಂತಳು. ಅತ್ತಲಿಂದ ಗಿರಾಕಿ ಹಲೋ ಹಲೋ ಎನ್ನುತ್ತಲೇ ಇದ್ದ. ಮಳೆ ಬಂತು, ಫೋನು ಕಡಿಯಿತು.

ಕೆಲಸ ಹೋಯಿತು ಎಂದೇ ಅವಳು ತಿಂಗಳಿಡೀ ಹೆದರಿಕೊಂಡಿದ್ದಳು. ಪ್ರಾಜೆಕ್ಟು ಮುಗಿದ ಮೇಲೆ ಗಿರಾಕಿಯಿಂದ ಮೆಚ್ಚುಗೆಯ ಪತ್ರ ಬಂತು. ಎಲ್ಲರ ಹೆಸರು ಹಾಕಿ ಹೊಗಳಿ, ಕೊನೆಗೆ ಒಂದು ಸಾಲು: ಜೋರಾಗಿ ಕೂಗುತ್ತಿದ್ದ ಆ ಇಬ್ಬರು ಸಹೋದ್ಯೋಗಿಗಳಿಗೂ ನನ್ನ ವಂದನೆ ತಿಳಿಸಿ, ಅವರ ವಾದದಲ್ಲಿ ಸತ್ಯವಿತ್ತು ಎನ್ನಿಸಿತು.

ಪ್ಲೈವುಡ್ಡಿನ ಕೊಕ್ಕರೆ

ಇಷ್ಟೆಲ್ಲ ಬಂದರೂ ಮೇಡಂ ಮನಸ್ಸಿನಲ್ಲಿ ಒಂದು ಕೊರಗಿತ್ತು. ದಿಬ್ಬದ ತುದಿಯಲ್ಲಿ ನೀರಿಗೆ ಬಾಗಿದ ಎರಡು ಹಳೆಯ ಕರಿಜಾಲಿ ಮರಗಳಿದ್ದವು. ಹಿಂದೆ ಚಳಿಗಾಲದಲ್ಲಿ ಅದರ ತುಂಬ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿದ್ದವು, ಬಾಲದ ಹತ್ತಿರದ ಗುಲಾಬಿ ಗರಿಯಿಂದ ಮರವೇ ಹೂ ಬಿಟ್ಟಂತೆ ಕಾಣುತ್ತಿತ್ತು ಎಂದು ಚಾಚಾ ಹೇಳುತ್ತಿದ್ದ. ನಾವು ಕೆಲಸ ಶುರುಮಾಡಿದ ವರ್ಷ ಆ ಮರಗಳ ಬುಡದ ಕಂಟಿಯನ್ನೆಲ್ಲ ಒಮ್ಮೆಲೇ ಕಡಿದೆವು. ಅಕ್ಕ ಅವತ್ತೇ, "ಸ್ವಲ್ಪ ಬಿಡ್ರಿ, ಹಕ್ಕಿಗೆ ಮರಿ ಬೇಕಾಗ್ತೈತಿ" ಎಂದಿದ್ದಳು. ಮರೆ ಅನ್ನುವುದಕ್ಕೆ ಅವಳು ಮರಿ ಅಂದದ್ದು. ನಾವು ಕೇಳಲಿಲ್ಲ. ಆಮೇಲೆ ಎರಡು ಚಳಿಗಾಲ ಒಂದು ಕೊಕ್ಕರೆಯೂ ಇಳಿಯಲಿಲ್ಲ.

"ಒಳ್ಳೇದು ಮಾಡ್ತೀನಿ ಅಂತ ಹೋಗಿ ನಾನ ಓಡಿಸಿಬಿಟ್ನೇನೋ" ಎಂದು ಮೇಡಂ ಒಂದು ಸಲ ನನ್ನೆದುರು ಅಂದರು. ಆ ದನಿ ನನಗೆ ಮರೆಯಲಿಲ್ಲ.

ಮೂರನೇ ಚಳಿಗಾಲಕ್ಕೆ ಅವರು ಎಲ್ಲೋ ಓದಿಕೊಂಡು ಬಂದರು. ಬೊಂಬೆ ಹಕ್ಕಿಗಳನ್ನು ಮರದ ಮೇಲೆ ಕೂರಿಸಿದರೆ, ನಮ್ಮವರು ಇಲ್ಲಿದ್ದಾರೆ ಎಂದು ನಿಜವಾದವು ಇಳಿಯುತ್ತವಂತೆ. ಮಾಡಿಸುವ ಜವಾಬ್ದಾರಿ ನನ್ನದು. ನಾಂಪಲ್ಲಿಯಲ್ಲಿ ಅಂಗಡಿ ಬೋರ್ಡು ಬರೆಯುವ ಪೇಂಟರ್ ಒಬ್ಬ ನನಗೆ ಪರಿಚಯ. ಪುಸ್ತಕದ ಚಿತ್ರ ತೋರಿಸಿ, ಪ್ಲೈವುಡ್ಡಿನಲ್ಲಿ ಆರು ಕೊಕ್ಕರೆ ಬೇಕು ಎಂದೆ.

"ಗಂಡೋ ಹೆಣ್ಣೋ ಸಾಬ್?"

"ಎರಡೂ ಒಂದೇ ಥರ ಇರ್ತಾವಂತ."

ಅವನು ನಂಬಲಿಲ್ಲ ಎಂದು ಕೆಲಸ ನೋಡಿದಾಗ ಗೊತ್ತಾಯಿತು. ಮೂರು ಕೊಕ್ಕರೆಗಳಿಗೆ ಕಾಡಿಗೆ ತೀಡಿದ ಕಣ್ಣು, ತುಟಿಯೇ ಇಲ್ಲದ ಕೊಕ್ಕಿಗೆ ಮುಗುಳ್ನಗೆ. ಎಲ್ಲದರ ಹೊಟ್ಟೆಯ ಮೇಲೂ ಅವನ ಫೋನ್ ನಂಬರು. ಬೋರ್ಡಿಗೆ ನಂಬರು ಹಾಕದೆ ಅವನಿಗೆ ರೂಢಿಯಿಲ್ಲ. ಅಳಿಸಲು ಹೊತ್ತಿಲ್ಲದೆ ಹಾಗೇ ಮರಕ್ಕೆ ತಂತಿಯಿಂದ ಕಟ್ಟಿದೆವು.

ಮುಂದಿನ ಭಾನುವಾರ ಆಚೆ ದಂಡೆಯಲ್ಲಿ ಪಕ್ಷಿವೀಕ್ಷಕರ ಒಂದು ತಂಡ. ಮೊಣಕೈ ಉದ್ದದ ಕ್ಯಾಮೆರಾಗಳು. ಎರಡು ಗಂಟೆ ಉಸಿರೆತ್ತದೆ ಕೂತಿದ್ದಾರೆ. ಒಬ್ಬರು, "ಎಂಥ ಸಂಯಮ ನೋಡಿ, ರೆಪ್ಪೆಯೂ ಅಲುಗಿಲ್ಲ" ಎಂದು ಪಿಸುಗುಟ್ಟಿದರು. ಇನ್ನೊಬ್ಬರು ದುರ್ಬೀನು ತಿರುಗಿಸಿ, "ಹೊಟ್ಟೆ ಮೇಲೆ ನಂಬರಿದೆ. ಯಾರೋ ವಿಜ್ಞಾನಿಗಳು ಗುರುತು ಹಾಕಿ ಬಿಟ್ಟ ಹಕ್ಕಿ!" ಎಂದು ಬರೆದುಕೊಂಡು ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ ಫೋನು ಹಚ್ಚಿದರು. ಹರಿಗೋಲಿಗೆ ಕಾಯುತ್ತ ಅವರ ಪಕ್ಕದಲ್ಲೇ ನಿಂತಿದ್ದ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಈ ಹಕ್ಕಿ ಎಲ್ಲಿಂದ ಬಂದದ್ದು ಸರ್?"

"ನಾಂಪಲ್ಲಿಯಿಂದ" ಎಂದ ಪೇಂಟರ್.

"ಯಾವಾಗ ಬಿಟ್ಟದ್ದು?"

"ಮಂಗಳವಾರ ಡೆಲಿವರಿ ಕೊಟ್ಟೆ. ಬಣ್ಣ ಹಸಿ ಐತಿ, ಮುಟ್ಟಬ್ಯಾಡ್ರಿ."

ನಾವು ನಕ್ಕೆವು, ಆದರೆ ಮೇಡಂ ನಗಲಿಲ್ಲ. ವಾರಗಳು ಹೋದವು, ಬೊಂಬೆಗಳ ಮೇಲೆ ಕಾಗೆ ಬಿಟ್ಟರೆ ಬೇರೇನೂ ಕೂರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಮಂಜು ಇನ್ನೂ ನೀರಿನ ಮೇಲಿತ್ತು, ಹರಿಗೋಲು ದಿಬ್ಬದ ತುದಿ ಸುತ್ತುವಾಗ ಚಾಚಾ ಹುಟ್ಟು ಎತ್ತಿಬಿಟ್ಟ. ಮೇಲುಗಡೆಯ ಕೊಂಬೆಯಲ್ಲಿ, ಕಾಡಿಗೆ ಕಣ್ಣಿನ ಬೊಂಬೆಯ ಪಕ್ಕದಲ್ಲಿ, ಒಂದು ಜೀವಂತ ಕೊಕ್ಕರೆ ನಿಂತಿತ್ತು. ಹಳದಿ ಕೊಕ್ಕು, ಬೆನ್ನ ಕೊನೆಗೆ ಬೆಳಗಿನ ಬಿಸಿಲು ಬಿದ್ದ ಗುಲಾಬಿ. ಅದರ ಕೊಕ್ಕಿನಲ್ಲಿ ಒಂದು ಒಣಕಡ್ಡಿ. ತಲೆ ಬಾಗಿಸಿ, ಬಹಳ ಮರ್ಯಾದೆಯಿಂದ ಕಡ್ಡಿಯನ್ನು ಬೊಂಬೆಗೆ ಕೊಟ್ಟಿತು. ಬೊಂಬೆ ಹಿಡಿಯಲಿಲ್ಲ, ಕಡ್ಡಿ ನೀರಿಗೆ ಬಿತ್ತು. ಕೊಕ್ಕರೆ ಹಾರಿಹೋಗಿ ಇನ್ನೊಂದು ತಂದಿತು. ಅದೂ ಬಿತ್ತು. ಮತ್ತೊಂದು ತಂದಿತು. ಆ ವಾರವೆಲ್ಲ ಚಾಚಾ ನೋಡಿದನಂತೆ, ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ.

"ಪಾಪ, ಹೇಳಿಬಿಡೋಣೇನ್ರಿ ಅದಕ್ಕ?" ಎಂದಳು ಅಕ್ಕ.

ಮರು ಭಾನುವಾರ ನನ್ನ ಹೆಂಡತಿಯೂ ಬಂದಳು. ಮೇಡಂ, ಅಕ್ಕ, ನಾವಿಬ್ಬರು, ಚಾಚಾ. ಮರದಿಂದ ದೂರದಲ್ಲಿ ಹರಿಗೋಲು ನಿಲ್ಲಿಸಿ ಕೂತೆವು. ಕೊಕ್ಕರೆ ಎಂದಿನಂತೆ ಕಡ್ಡಿ ಹಿಡಿದು ಬೊಂಬೆಯ ಮುಂದೆ ತಲೆಬಾಗಿ ನಿಂತಿತ್ತು. ಆಗ ಮೇಲಿನಿಂದ ಒಂದು ನೆರಳು ನೀರಿನ ಮೇಲೆ ದೊಡ್ಡದಾಗುತ್ತ ಬಂತು. ಎರಡನೇ ಕೊಕ್ಕರೆ, ರೆಕ್ಕೆ ಪೂರ್ತಿ ಹರಡಿ, ಸದ್ದೇ ಇಲ್ಲದೆ ಅದೇ ಕೊಂಬೆಗೆ ಇಳಿಯಿತು. ಕಡ್ಡಿ ಹಿಡಿದ ಗಂಡು ಕೊಕ್ಕರೆಯನ್ನು ನೋಡಿತು. ಬೊಂಬೆಯನ್ನು ನೋಡಿತು. ಬೊಂಬೆಯ ಹಣೆಗೆ ಟಪ್ ಟಪ್ ಎಂದು ಎರಡು ಸಲ ಕುಕ್ಕಿತು. ಬೊಂಬೆ ಮುಗುಳ್ನಗುತ್ತಲೇ ಇತ್ತು. ಆಗ ಅದು ಎದೆ ಕೊಟ್ಟು ಮೆಲ್ಲಗೆ ಒರಗಿತು. ತಂತಿ ಕಿರ್ರೆಂದಿತು, ಬಿಚ್ಚಿತು, ನಾಂಪಲ್ಲಿಯ ಸುಂದರಿ ಧಡಾರನೆ ನೀರಿಗೆ ಬಿದ್ದು, ಫೋನ್ ನಂಬರು ಮೇಲೆ ಮಾಡಿಕೊಂಡು ತೇಲತೊಡಗಿದಳು.

ಗಂಡು ಕತ್ತು ಚಾಚಿ ಕೆಳಗೆ ನೀರನ್ನು ನೋಡಿತು. ತಲೆ ಎತ್ತಿ ಬಂದವಳನ್ನು ನೋಡಿತು. ಕೊಕ್ಕಿನಲ್ಲಿದ್ದ ಕಡ್ಡಿಯನ್ನು ಅವಳಿಗೆ ಕೊಟ್ಟಿತು. ಅವಳು ತೆಗೆದುಕೊಂಡಳು, ತಿರುಗಿ, ಎರಡು ಕೊಂಬೆ ಕೂಡುವಲ್ಲಿ ಇಟ್ಟು, ಕಾಲಿನಿಂದ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ನೋಡಿದಳು. ಆ ಒಂದು ಕಡ್ಡಿಯ ಮೇಲೆ ಆ ವರ್ಷದ ಮೊದಲ ಗೂಡು ಎದ್ದಿತು. ಚಳಿಗಾಲ ಮುಗಿಯುವಷ್ಟರಲ್ಲಿ ಎರಡೂ ಮರದಲ್ಲಿ ಎಣಿಸಿದರೆ ಒಂಬತ್ತಾದವು, ಮರಿಗಳ ಗದ್ದಲ ನಮ್ಮ ಗಚ್ಚಿಯವರೆಗೆ ಕೇಳುತ್ತಿತ್ತು. ಆದರೆ ಅವತ್ತು ನಮಗೆ ಅದೆಲ್ಲ ಎಲ್ಲಿ ಗೊತ್ತು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ ಎರಡೂ ಕೈ ಜೋಡಿಸಿದ್ದಳು. ಚಾಚಾ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಏನೋ ಮೆಲ್ಲಗೆ ಹೇಳಿಕೊಂಡ.

ಆಗ ನನ್ನ ಹೆಂಡತಿ ಗಂಡು ಕೊಕ್ಕರೆಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ ಹೇಳಿದಳು: "ಮೊದಲಿನಾಕಿ ನೀರಿಗೆ ಬಿದ್ದು ಒಂದ ನಿಮಿಷ ಸುದ್ದಾ ಆಗಿಲ್ಲ, ನೋಡ್ರಿ."